ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಟೆಂಟ್: ಹಾವಿಗಿಂತ ಮೊದಲು ಆಕಾಶ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾವು ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಗದಗ ಜಿಲ್ಲೆಯಿಂದ ಅತ್ತೆ ಮಾವ ಬಂದಿದ್ದಾರೆ, ಆಗಸ್ಟ್‌ನಲ್ಲಿ ವಾಪಸ್ ಹೋಗುತ್ತಾರೆ. ಅಷ್ಟರೊಳಗೆ, ಜೂನ್ ಕೊನೆಯ ವಾರ, ಎಲ್ಲರೂ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ಗೆ ಹೋಗಿ ಎರಡು ರಾತ್ರಿ ಟೆಂಟ್ ಹಾಕಬೇಕು ಅಂತ ಆಸೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಐದು. ಮಾವನವರಿಗೆ 68, ಶುಗರ್ ಇದೆ, ಇನ್ಸುಲಿನ್ ತಗೊಳ್ಳುತ್ತಾರೆ. ಅತ್ತೆಗೆ ಮೊಣಕಾಲು ನೋವು. ಪಾರ್ಕ್ ಒಳಗಿನ ಸೀಡರ್ ಪಾಸ್ ಕ್ಯಾಂಪ್‌ಗ್ರೌಂಡ್ ಪೂರ್ತಿ ಬುಕ್ ಆಗಿದೆ. ನಮ್ಮ ಯಜಮಾನರ ಆಫೀಸಿನವರು "ವಾಲ್ ಊರಿನ ಹತ್ತಿರ ಗುಡ್ಡದ ಅಂಚಿನಲ್ಲಿ ಪುಕ್ಕಟೆ ಟೆಂಟ್ ಹಾಕಬಹುದು, ಸೇಜ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲೂ ದುಡ್ಡಿಲ್ಲ" ಎನ್ನುತ್ತಾರೆ. ಅತ್ತೆಗೆ ಹಾವಿನ ಭಯ, ಬೆಳ್ಳುಳ್ಳಿ ನೀರು ಸಿಂಪಡಿಸಿದರೆ ಬರಲ್ಲ ಅಂತ ಹೇಳುತ್ತಿದ್ದಾರೆ. ನನಗೆ ಅಲ್ಲಿಯ ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯ ಭಯ. ಹೋಗಬಹುದಾ? ಎಲ್ಲಿ ಟೆಂಟ್ ಹಾಕುವುದು? ಕಟ್ಟಿಗೆ ಹಚ್ಚಿ ಅಡುಗೆ ಮಾಡಬಹುದಾ? ಮಗ ಅಲ್ಲಿಂದ ಒಂದೆರಡು ಕಲ್ಲು ತರಬೇಕು ಅಂತಿದ್ದಾನೆ.

ಉತ್ತರ: ಹೋಗಬಹುದು. ಖಂಡಿತ ಹೋಗಿ. ಆ ವಯಸ್ಸಿನ ಮಕ್ಕಳಿಗೂ ಹೊಲದಲ್ಲಿ ಬದುಕು ಕಳೆದ ಹಿರಿಯರಿಗೂ ಬ್ಯಾಡ್‌ಲ್ಯಾಂಡ್ಸ್‌ನಷ್ಟು ಹಿಡಿಸುವ ಜಾಗ ಈ ದೇಶದಲ್ಲಿ ಕಡಿಮೆ. ನಾನು ಈ ಭಾಗದಲ್ಲಿ ಕ್ಯಾಂಪಿಂಗ್ ಗೈಡ್ ಆಗಿ ಬಹಳ ವರ್ಷದಿಂದ ಕುಟುಂಬಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮವರು ಬರೆಯುವ ಪತ್ರಗಳಲ್ಲಿ ಭಯ ಯಾವಾಗಲೂ ಹಾವು ಮತ್ತು ಪ್ರಾಣಿಗಳದ್ದೇ. ನಿಮ್ಮ ಇಡೀ ಪತ್ರದಲ್ಲಿ ಗಾಳಿ ಎನ್ನುವ ಮಾತಿಲ್ಲ, ಗುಡುಗು ಮಳೆ ಎನ್ನುವ ಮಾತಿಲ್ಲ. ಜೂನ್ ಕೊನೆಯ ವಾರಕ್ಕೆ ನಾನು ಮೊದಲು ನೋಡುವುದು ಅದನ್ನೇ.

ಅಲ್ಲಿಯ ನೆಲ ಹೇಗಿದೆ ಅಂತ ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ಮೈಲಿಗಟ್ಟಲೆ ಹುಲ್ಲು. ಮರ ಇಲ್ಲ ಅಂದರೂ ತಪ್ಪಿಲ್ಲ. ಆ ಹುಲ್ಲುಗಾವಲು ಒಂದು ಕಡೆ ಇದ್ದಕ್ಕಿದ್ದ ಹಾಗೆ ಮುರಿದು ಬಿದ್ದಂತೆ ಕೆಳಗಿಳಿಯುತ್ತದೆ. ಅಲ್ಲಿಂದ ಬೂದು, ಹಳದಿ, ಕೆಂಪು ಪಟ್ಟೆಗಳ ಮಣ್ಣಿನ ಗೋಡೆಗಳು, ಮೊನಚು ಗುಡ್ಡಗಳು ಶುರು. ಲಕೋಟಾ ಜನ ಇದನ್ನು ಮಾಕೊ ಶೀಚಾ ಎಂದು ಕರೆದರು, ಕೆಟ್ಟ ನೆಲ ಅಂತ ಅರ್ಥ. ನೀರಿಲ್ಲ, ನೆರಳಿಲ್ಲ, ದಾಟುವುದು ಕಷ್ಟ. ಪಾರ್ಕಿನ ದಕ್ಷಿಣ ಭಾಗ ಇವತ್ತಿಗೂ ಅವರ ಪೈನ್ ರಿಡ್ಜ್ ನೆಲದೊಳಗೇ ಇದೆ. ನೀವು ಇರಬೇಕಾದ್ದು ಉತ್ತರ ಭಾಗದಲ್ಲಿ.

ಮರ ಇಲ್ಲದ ಜಾಗದಲ್ಲಿ ಗಾಳಿಯನ್ನು ತಡೆಯುವುದು ಏನೂ ಇರುವುದಿಲ್ಲ. ಬೇಸಿಗೆಯಲ್ಲಿ ದಕ್ಷಿಣದ ಗಲ್ಫ್ ಆಫ್ ಮೆಕ್ಸಿಕೊ ಸಮುದ್ರದ ಕಡೆಯಿಂದ ತೇವದ ಗಾಳಿ ಈ ಬಯಲಿನ ತನಕ ಹತ್ತಿ ಬರುತ್ತದೆ. ಪಶ್ಚಿಮಕ್ಕೆ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿವೆ. ಮಧ್ಯಾಹ್ನದ ಬಿಸಿಲಿಗೆ ಆ ಬೆಟ್ಟಗಳ ಮೇಲೆ ಮೋಡ ಏಳುತ್ತದೆ, ಗೋಪುರದ ಹಾಗೆ ಬೆಳೆಯುತ್ತದೆ, ಆಮೇಲೆ ಪೂರ್ವಕ್ಕೆ ಬಯಲಿನ ಮೇಲೆ ಸಾಗಿ ಬರುತ್ತದೆ. ಅಂದರೆ ಅದು ನಿಮ್ಮ ಟೆಂಟ್ ತಲುಪುವುದು ಸಂಜೆ, ಇಲ್ಲಾ ರಾತ್ರಿ ಊಟ ಮುಗಿಸಿ ಮಕ್ಕಳನ್ನು ಮಲಗಿಸಿದ ಹೊತ್ತಿಗೆ. ವರ್ಷದಲ್ಲೇ ಜಾಸ್ತಿ ಮಳೆ ಬೀಳುವ ತಿಂಗಳು ಜೂನ್. ನೀವು ಮಿನಿಯಾಪೊಲಿಸ್‌ನಿಂದ ಬರುವ ಹೆದ್ದಾರಿಯಲ್ಲೇ ಸಿಗುವ ವಿವಿಯನ್ ಎಂಬ ಪುಟ್ಟ ಊರಿನಲ್ಲಿ 2010ರ ಜುಲೈ 23ರಂದು ಎಂಟು ಇಂಚು ಅಗಲದ ಆನೆಕಲ್ಲು ಬಿತ್ತು. ತೂಕ 880 ಗ್ರಾಂ. ಅಮೆರಿಕದಲ್ಲಿ ದಾಖಲಾದ ಆನೆಕಲ್ಲುಗಳಲ್ಲಿ ಅದೇ ದೊಡ್ಡದು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಟೆಂಟಿನ ಬಟ್ಟೆ ಯಾವುದಕ್ಕೆ ಸಾಲದು ಎಂಬುದು ಗೊತ್ತಿದ್ದರೆ ನೀವು ಸರಿಯಾದ ಹೊತ್ತಿಗೆ ಕಾರಿನೊಳಗೆ ಇರುತ್ತೀರಿ.

ನನ್ನ ಮೊದಲ ವರ್ಷಗಳ ಒಂದು ರಾತ್ರಿ ಹೇಳುತ್ತೇನೆ. ನಿಮ್ಮ ಯಜಮಾನರ ಆಫೀಸಿನವರು ಹೇಳಿದ ಅದೇ ಅಂಚು. ಪಾರ್ಕಿನ ಹೊರಗೆ, ಬಫಲೋ ಗ್ಯಾಪ್ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಎಂಬ ಸರ್ಕಾರಿ ಹುಲ್ಲುಗಾವಲಿಗೆ ಸೇರಿದ ಜಾಗ. ಸಂಜೆ ಅಷ್ಟು ಚೆನ್ನಾಗಿತ್ತು. ಕೆಳಗಿನ ಮಣ್ಣಿನ ಗೋಡೆಗಳ ಮೇಲೆ ಬಿಸಿಲು ಹಳದಿಯಾಗಿ, ಆಮೇಲೆ ತಿಳಿ ಕೆಂಪಾಗಿ ಇಳಿಯುತ್ತಿತ್ತು. ಪಶ್ಚಿಮದಲ್ಲಿ ದೂರಕ್ಕೆ ಮಿಂಚು ಕಾಣುತ್ತಿತ್ತು, ಸದ್ದಿಲ್ಲ. ಮಲಗಿದೆವು. ಹತ್ತು ಗಂಟೆಗೆ ಎಚ್ಚರವಾದಾಗ ಟೆಂಟಿನ ಒಂದು ಪಕ್ಕ ನನ್ನ ಮುಖದ ಮೇಲೆ ಕೂತಿತ್ತು. ಗಾಳಿ ಅದನ್ನು ಒತ್ತಿ ಹಿಡಿದಿತ್ತು. ಕಂಬಿ ಬಾಗಿ ಮುರಿಯಿತು. ನಾನೂ ಜೊತೆಗಿದ್ದ ಒಬ್ಬರೂ ತೆವಳಿ ಕಾರಿಗೆ ಸೇರಿದೆವು. ಬೆಳಿಗ್ಗೆ ಆಕಾಶ ತೊಳೆದ ಹಾಗಿತ್ತು, ಕಾರು ಮಾತ್ರ ಅಲುಗಲಿಲ್ಲ. ಹತ್ತು ಅಡಿ ಹೋಗುವಷ್ಟರಲ್ಲಿ ಚಕ್ರಕ್ಕೆ ಮೆತ್ತಿದ ಮಣ್ಣು ಮೇಲಿನ ತಗಡಿನ ತನಕ ತುಂಬಿಕೊಂಡು ಚಕ್ರವೇ ಸುತ್ತಲಿಲ್ಲ. ಸೌಟಿನ ಹಿಡಿಯಿಂದ ಕೆರೆದು ತೆಗೆದೆವು. ಮತ್ತೆ ಹತ್ತು ಅಡಿ, ಮತ್ತೆ ಅದೇ. ನೆಲ ಒಣಗುವ ತನಕ, ಮಧ್ಯಾಹ್ನದವರೆಗೆ, ಅಲ್ಲೇ ಕೂತಿದ್ದೆವು.

ಈ ಮಣ್ಣಿನ ವಿಷಯ ನಿಮ್ಮ ಮಾವನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗದಗದ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಚಕ್ಕಡಿ ಹೊಡೆದವರಿಗೆ ಗೊತ್ತು. ಒಣಗಿದಾಗ ಕಲ್ಲಿನ ಹಾಗೆ ಗಟ್ಟಿ, ಬಿರುಕು ಬಿಟ್ಟಿರುತ್ತದೆ. ನೆಂದಾಗ ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಎರಡೂ ಕಡೆ ಕಾರಣ ಒಂದೇ ಜಾತಿಯ ಜೇಡಿ, ಸ್ಮೆಕ್ಟೈಟ್ ಎನ್ನುತ್ತಾರೆ. ಅದು ನೀರು ಹೀರಿ ಉಬ್ಬುತ್ತದೆ. ನಮ್ಮ ಕಡೆ ಅದು ಬಂದದ್ದು ಬಂಡೆ ಸವೆದು, ಇಲ್ಲಿ ಕೋಟ್ಯಂತರ ವರ್ಷದ ಹಿಂದೆ ಗಾಳಿಯಲ್ಲಿ ತೇಲಿ ಬಂದು ಬಿದ್ದ ಜ್ವಾಲಾಮುಖಿಯ ಬೂದಿಯಿಂದ. ಇಲ್ಲಿಯ ಜನ ಈ ಕೆಸರಿಗೆ ಗಂಬೋ ಎನ್ನುತ್ತಾರೆ. ಮಾವನವರನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು ನೆಲ ನೋಡಿ. "ಇಲ್ಲಿ ಮಳೆ ಬಂದರೆ ಗಾಡಿ ಹೊರಡುತ್ತಾ?" ಎಂದು ಕೇಳಿ. ಅವರ ಉತ್ತರ ನನ್ನದಕ್ಕಿಂತ ಸರಿ ಇರುತ್ತದೆ.

ಹಾಗಾಗಿ ಟೆಂಟಿನ ಜಾಗ ಆರಿಸುವಾಗ ನಾನು ನೋಟವನ್ನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಎರಡು: ಕಾರು ಹತ್ತು ಹೆಜ್ಜೆಯೊಳಗೆ ನಿಲ್ಲುತ್ತದಾ, ಆ ಕಾರಿನಿಂದ ಟಾರ್ ರಸ್ತೆಗೆ ಹೋಗಲು ಮಣ್ಣಿನ ದಾರಿ ಎಷ್ಟು ಉದ್ದ ಇದೆ. ಈ ಎರಡನ್ನು ಇಟ್ಟುಕೊಂಡೇ ನಿಮ್ಮ ಮುಂದಿರುವ ಜಾಗಗಳನ್ನು ನೋಡೋಣ.

ವಾಲ್ ಹತ್ತಿರದ ಆ ಅಂಚು ನಿಮಗೆ ಬೇಡ. ಅದು ಕಾನೂನಿಗೆ ಸರಿಯಾದ ಜಾಗವೇ, ಹದಿನಾಲ್ಕು ದಿನದವರೆಗೆ ಪುಕ್ಕಟೆ ಇರಬಹುದು. ಆದರೆ ಶೌಚಾಲಯ ಇಲ್ಲ, ನೀರಿಲ್ಲ, ಮೇಜು ಇಲ್ಲ. ಗಾಳಿ ಮೊದಲು ಹೊಡೆಯುವುದೇ ಅಲ್ಲಿಗೆ. ಅಂಚಿಗೆ ತಡೆಗೋಡೆ ಇಲ್ಲ. ಬ್ಯಾಡ್‌ಲ್ಯಾಂಡ್ಸ್‌ನ ಗುಡ್ಡಗಳು ವರ್ಷಕ್ಕೆ ಸುಮಾರು ಒಂದು ಇಂಚು ಸವೆಯುತ್ತವೆ. ಅಂಚಿನ ಮಣ್ಣು ಮೇಲೆ ಗಟ್ಟಿ ಕಂಡರೂ ಕೆಳಗೆ ಟೊಳ್ಳಾಗಿರಬಹುದು. ಐದು ವರ್ಷದ ಮಗಳು ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಹೊರಗೆ ಬರುವ ಜಾಗದಲ್ಲಿ ಅಂಥ ಅಂಚು ಇರಬಾರದು. ಸಂಜೆ ಹೋಗಿ, ದೂರ ನಿಂತು ಸೂರ್ಯಾಸ್ತ ನೋಡಿ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಹೊತ್ತಿಗೆ. ಒಂದು ಮಾತು, ನೀವು ಬರುವ ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಇನ್ಸುಲಿನ್ ಹೊತ್ತು ಲೆಕ್ಕ ಹಾಕುವಾಗ ನೆನಪಿರಲಿ.

ಸೇಜ್ ಕ್ರೀಕ್ ಬೇರೆ ತರಹ. ಅದು ಪಾರ್ಕ್ ಒಳಗೇ ಇದೆ, ನಿಜಕ್ಕೂ ಚೆಂದದ ಜಾಗ. ಸುತ್ತ ಹುಲ್ಲಿನ ದಿಬ್ಬ, ನಡುವೆ ತಗ್ಗಿನಲ್ಲಿ ಟೆಂಟ್‌ಗಳು. ಬೆಳಿಗ್ಗೆ ಬೈಸನ್ ಮೇಯುತ್ತಾ ಪಕ್ಕದಲ್ಲೇ ಬಂದಿರುತ್ತವೆ. ಗುಂಡಿ ಶೌಚಾಲಯ ಇದೆ, ಚಾವಣಿ ಇರುವ ಮೇಜು ಇದೆ. ನೀರು ಒಂದು ಹನಿಯೂ ಇಲ್ಲ. ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಬೇಸಿಗೆಯ ಶುಕ್ರವಾರ ಸಂಜೆ ಹೋದರೆ ಜಾಗ ಸಿಗುವ ನಂಬಿಕೆ ಇಟ್ಟುಕೊಳ್ಳಬೇಡಿ. ವಾರದ ನಡುವೆ, ಮಧ್ಯಾಹ್ನಕ್ಕೆ ಮುಂಚೆ ತಲುಪಿ. ಅಲ್ಲಿಗೆ ಹೋಗುವ ಸೇಜ್ ಕ್ರೀಕ್ ರಿಮ್ ರಸ್ತೆ ಟಾರ್ ಅಲ್ಲ, ಮಳೆ ಜೋರಾದರೆ ಮುಚ್ಚುವುದೂ ಉಂಟು. ಹವಾಮಾನ ಎರಡು ದಿನ ಚೆನ್ನಾಗಿದೆ ಅಂತ ಖಾತ್ರಿ ಇದ್ದರೆ ಗಂಡ ಹೆಂಡತಿ ಮಕ್ಕಳು ಒಂದು ರಾತ್ರಿ ಅಲ್ಲಿ ಕಳೆಯಲಿ ಎಂದು ನಾನೇ ಹೇಳುತ್ತಿದ್ದೆ. ಮೊಣಕಾಲು ನೋವಿನ ಅತ್ತೆ, ಇನ್ಸುಲಿನ್ ತಗೊಳ್ಳುವ ಮಾವ ಜೊತೆಯಲ್ಲಿದ್ದಾಗ ಬೇಡ. ದೊಡ್ಡ ಆಸ್ಪತ್ರೆ ಇರುವುದು ರ್‍ಯಾಪಿಡ್ ಸಿಟಿಯಲ್ಲಿ, ಒಂದು ಗಂಟೆಗೂ ಜಾಸ್ತಿ ದಾರಿ, ಮತ್ತು ಫೋನ್ ಸಿಗ್ನಲ್ ಎಲ್ಲಾ ಕಡೆ ಇರುವುದಿಲ್ಲ.

ಸೀಡರ್ ಪಾಸ್ ಬುಕ್ ಆಗಿದೆ ಎಂದಿರಿ. ಆಸೆ ಬಿಡಬೇಡಿ. ಅಲ್ಲಿ 96 ಜಾಗಗಳಿವೆ. ಜನ ಕೊನೆಯ ವಾರದಲ್ಲಿ ರದ್ದು ಮಾಡುತ್ತಾರೆ, ಹವಾಮಾನದ ಸುದ್ದಿ ನೋಡಿ ಹಿಂದಿನ ದಿನವೂ ರದ್ದು ಮಾಡುತ್ತಾರೆ. ದಿನಕ್ಕೆ ಎರಡು ಸಲ ನೋಡುತ್ತಿರಿ, ಸೋಮವಾರದಿಂದ ಗುರುವಾರದ ನಡುವಿನ ರಾತ್ರಿಗಳನ್ನು ಹುಡುಕಿ. ಟಾರ್ ರಸ್ತೆ ಪಕ್ಕದಲ್ಲೇ ಇದೆ, ನೀರಿದೆ, ಫ್ಲಶ್ ಶೌಚಾಲಯ ಇದೆ, ವಿಸಿಟರ್ ಸೆಂಟರ್ ನಡೆದು ಹೋಗುವಷ್ಟು ಹತ್ತಿರ.

ಅದು ಸಿಗದೇ ಹೋದರೆ ನನ್ನ ಸಲಹೆ ಇದು. ಪಾರ್ಕಿನ ಬಾಗಿಲಲ್ಲೇ ಇಂಟೀರಿಯರ್ ಎಂಬ ಪುಟ್ಟ ಊರಿದೆ. ಅದರ ಆಸುಪಾಸು, ಮತ್ತೆ ವಾಲ್ ಊರಲ್ಲಿ, ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳಿವೆ. ಕೆಲವು ಕಡೆ ಮರದ ಕ್ಯಾಬಿನ್ ಮತ್ತು ಟೆಂಟ್ ಜಾಗ ಎರಡೂ ಸಿಗುತ್ತವೆ. ಹಿರಿಯರಿಗೆ ಕ್ಯಾಬಿನ್ ತಗೊಳ್ಳಿ, ನೀವು ಮಕ್ಕಳ ಜೊತೆ ಪಕ್ಕದಲ್ಲಿ ಟೆಂಟ್ ಹಾಕಿ. ಅತ್ತೆಗೆ ಎದ್ದು ಕೂರಲು ಮಂಚ ಇರುತ್ತದೆ, ಇನ್ಸುಲಿನ್‌ಗೆ ತಂಪು ಇರುತ್ತದೆ, ಗಾಳಿ ಎದ್ದರೆ ಆರೂ ಜನ ಒಂದೇ ಸೂರಿನಡಿ ಸೇರಬಹುದು. ಖರ್ಚು ಜಾಸ್ತಿ ಆಗುತ್ತದೆ, ನಿಜ. ಕ್ಯಾಂಪಿಂಗ್ ಅನ್ನಿಸುವುದಿಲ್ಲ ಎಂದು ನಿಮ್ಮ ಯಜಮಾನರು ಹೇಳಬಹುದು. ಎಷ್ಟೋ ಕುಟುಂಬಗಳಲ್ಲಿ ನಾನು ನೋಡಿದ್ದು, ಹಿರಿಯರಿಗೆ ಒಂದು ರಾತ್ರಿ ನಿದ್ದೆ ಕೆಟ್ಟರೆ ಮಾರನೇ ದಿನ ಇಡೀ ಗುಂಪು ಪಾರ್ಕ್ ನೋಡದೆ ಕಾರಿನಲ್ಲೇ ಕೂರುತ್ತದೆ.

ಆಗಸ್ಟ್ ಮೊದಲ ಭಾಗಕ್ಕೆ ಮಾತ್ರ ಮುಂದೂಡಬೇಡಿ. ಆಗ ಸ್ಟರ್ಜಿಸ್‌ನಲ್ಲಿ ದೊಡ್ಡ ಮೋಟಾರ್ ಸೈಕಲ್ ಮೇಳ ನಡೆಯುತ್ತದೆ, ಈ ಭಾಗದಲ್ಲಿ ಒಂದು ಕೋಣೆ ಸಿಗುವುದು ಕಷ್ಟ.

ಈಗ ಅತ್ತೆಯವರ ಹಾವು. ಪಾರ್ಕಿನಲ್ಲಿ ವಿಷ ಇರುವ ಹಾವು ಒಂದೇ ಜಾತಿ, ಪ್ರೇರಿ ರ್‍ಯಾಟಲ್‌ಸ್ನೇಕ್. ಬಾಲದಲ್ಲಿ ಗಿಲಕಿ ಇರುವ ಹಾವು. ಬೆಳ್ಳುಳ್ಳಿ ನೀರು, ಫಿನಾಯಿಲ್, ಉಪ್ಪು, ಯಾವುದಕ್ಕೂ ಅದು ಹಿಂದೆ ಸರಿಯುವುದಿಲ್ಲ. ಇಲ್ಲಿಯ ದನಗಾಹಿಗಳಲ್ಲೂ ಇಂಥದ್ದೇ ಒಂದು ನಂಬಿಕೆ ಇತ್ತು, ಹಾಸಿಗೆ ಸುತ್ತ ಹಗ್ಗ ಹಾಕಿದರೆ ಹಾವು ದಾಟಲ್ಲ ಅಂತ. ಆರಾಮಾಗಿ ದಾಟುತ್ತದೆ. ಗಿಲಕಿ ಅಲ್ಲಾಡಿಸಿಯೇ ಕಚ್ಚುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಸುಮ್ಮನೆ ಬಿದ್ದಿದ್ದು, ಕೈ ಕಾಲು ಹತ್ತಿರ ಬಂದಾಗ ಸದ್ದಿಲ್ಲದೆ ಕಚ್ಚುವುದೂ ಇದೆ. ನಿಜವಾಗಿ ಕಾಪಾಡುವುದು ಟೆಂಟಿನ ಜಿಪ್. ಒಳಗೆ ಬಂದಾಗಲೂ ಹೊರಗೆ ಹೋದಾಗಲೂ ಪೂರ್ತಿ ಎಳೆಯುವ ರೂಢಿ ಮಕ್ಕಳಿಗೆ ಮನೆಯಲ್ಲೇ ಮಾಡಿಸಿ. ಬೇಸಿಗೆಯಲ್ಲಿ ಹಾವು ಓಡಾಡುವುದು ತಂಪು ಹೊತ್ತಿನಲ್ಲಿ, ಅಂದರೆ ಮುಸ್ಸಂಜೆ ಮತ್ತು ರಾತ್ರಿ. ಶೌಚಾಲಯಕ್ಕೆ ಹೋಗುವಾಗ ಟಾರ್ಚ್ ಬೇಕೇ ಬೇಕು, ಕಾಲಿಗೆ ಮುಚ್ಚಿದ ಬೂಟು. ಕಾಣದ ಬಿಲಕ್ಕೆ, ಕಲ್ಲಿನ ಸಂದಿಗೆ ಕೈ ಹಾಕಬಾರದು.

ಅಕಸ್ಮಾತ್ ಕಚ್ಚಿದರೆ ಹಗ್ಗ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಮಂಜುಗಡ್ಡೆ ಇಡಬೇಡಿ. ಉಂಗುರ, ಬಳೆ, ವಾಚ್ ತಕ್ಷಣ ತೆಗೆಯಿರಿ, ಊತ ಬಂದರೆ ಆಮೇಲೆ ಬರುವುದಿಲ್ಲ. ಕಚ್ಚಿಸಿಕೊಂಡವರನ್ನು ಓಡಾಡಿಸದೆ 911ಕ್ಕೆ ಫೋನ್ ಮಾಡಿ. ಇಲ್ಲಿಯ ಆಸ್ಪತ್ರೆಗಳಲ್ಲಿ ಈ ಹಾವಿಗೆ ಬೇಕಾದ ಔಷಧ ಬೇರೆಯೇ ಇದೆ. ಊರಿಂದ ತಂದ ಯಾವ ಪುಡಿ, ಬೇರೂ ಬೇಡ.

ಹಾವಿಗಿಂತ ನಿಮ್ಮ ಮನೆಯವರ ಕಾಲಿಗೆ ಸಿಗುವ ಸಾಧ್ಯತೆ ಜಾಸ್ತಿ ಇರುವುದು ಡಬಗಳ್ಳಿ. ಹೌದು, ನಮ್ಮ ಕಡೆ ಹೊಲದ ಬದುವಿನಲ್ಲಿರುವ ಪಾಪಾಸುಕಳ್ಳಿಯ ದಾಯಾದಿ. ಈ ಜಾತಿಯ ತವರೇ ಅಮೆರಿಕ, ನಮ್ಮಲ್ಲಿಗೆ ಬಂದದ್ದು ಇಲ್ಲಿಂದ. ಇಲ್ಲಿಯದು ಎತ್ತರ ಬೆಳೆಯುವುದಿಲ್ಲ, ಹುಲ್ಲಿನ ನಡುವೆ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ. ಟೆಂಟ್ ಹಾಸುವ ಮುಂಚೆ ನೆಲವನ್ನು ಕೈಯಷ್ಟು ಹತ್ತಿರದಿಂದ ನೋಡಿ. ಮಾವನವರು ಬೆಳಿಗ್ಗೆ ಬರಿಗಾಲಲ್ಲಿ ಓಡಾಡುವ ರೂಢಿ ಇರುವವರಾದರೆ ಇಲ್ಲಿ ಎರಡು ದಿನ ಬೇಡ ಅನ್ನಿ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು, ಮುಳ್ಳು ಹೊಕ್ಕಿದ್ದು ಗೊತ್ತಾಗುವುದಿಲ್ಲ. ರಾತ್ರಿ ಮಲಗುವಾಗ ಟಾರ್ಚ್ ಹಾಕಿ ಎರಡೂ ಅಂಗಾಲು ನೀವೇ ನೋಡಿ.

ಇನ್ನು ನಿಮ್ಮ ಬೈಸನ್. ಇಲ್ಲಿ ಒಂದು ಕಾಲಕ್ಕೆ ಅವು ಪೂರ್ತಿ ಇಲ್ಲವಾಗಿದ್ದವು. 1963ರಲ್ಲಿ ಮತ್ತೆ ತಂದು ಬಿಟ್ಟರು, ಈಗ ಸಾವಿರಕ್ಕೂ ಮೇಲಿವೆ. ದೊಡ್ಡ ಗೂಳಿ 900 ಕೇಜಿವರೆಗೆ ತೂಗುತ್ತದೆ. ಜನ ಮೋಸ ಹೋಗುವುದು ಅದರ ನಿಧಾನ ನೋಡಿ. ಹಸುವಿನ ಹಾಗೆ ತಲೆ ತಗ್ಗಿಸಿ ಮೇಯುತ್ತಿರುತ್ತದೆ, ಫೋಟೋಗೆ ನಾಲ್ಕು ಹೆಜ್ಜೆ ಮುಂದೆ ಹೋಗೋಣ ಅನ್ನಿಸುತ್ತದೆ. ಓಡಲು ಶುರು ಮಾಡಿದರೆ ಗಂಟೆಗೆ 55 ಕಿಲೋಮೀಟರ್ ವೇಗ. ಮನುಷ್ಯ ಯಾರೂ ಅದನ್ನು ಮೀರಿ ಓಡಲಾರ. ಪಾರ್ಕ್ ಕೇಳುವ ದೂರ 100 ಗಜ. ಬಾಲ ಮೇಲೆತ್ತಿದರೆ ಅದಕ್ಕೆ ಕೋಪ ಬಂದಿದೆ ಅಂತಲೇ ತಿಳಿಯಿರಿ. ಟೆಂಟ್ ಹತ್ತಿರ ಬಂದರೆ ಕೂಗಬೇಡಿ, ಓಡಿಸಬೇಡಿ. ಮೇಯಲು ಬಂದದ್ದು ಮೇಯುತ್ತಾ ಹೋಗುತ್ತದೆ. ಈ ಪಾರ್ಕಿನಲ್ಲಿ ಕರಡಿ ವಾಸ ಇಲ್ಲ, ಆ ಚಿಂತೆ ಬಿಡಿ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವುದು ಪ್ರೇರಿ ಡಾಗ್. ನಾಯಿಯಲ್ಲ, ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು ಕೂಗುವ ಅಳಿಲಿನ ಜಾತಿ. ಮಗಳು ಕೈಯಲ್ಲಿದ್ದ ಚಿಪ್ಸ್ ಕೊಡಲು ಹೋಗುತ್ತಾಳೆ, ತಡೆಯಿರಿ. ಅವುಗಳ ಚಿಗಟದಿಂದ ಪ್ಲೇಗ್ ಹರಡುತ್ತದೆ, ಈ ಭಾಗದ ಪ್ರೇರಿ ಡಾಗ್‌ಗಳಲ್ಲಿ ಆ ಕಾಯಿಲೆ ಕಂಡಿದೆ. ಅವುಗಳ ಬಿಲದ ಹತ್ತಿರ ಟೆಂಟ್ ಹಾಕಲೂಬಾರದು. ಖಾಲಿ ಬಿಲದಲ್ಲಿ ಹಾವು ಇರುವುದುಂಟು.

ಕಟ್ಟಿಗೆ ಬೆಂಕಿಯ ಪ್ರಶ್ನೆಗೆ ಉತ್ತರ ಒಂದೇ ಸಾಲು: ಪಾರ್ಕ್ ಒಳಗೆ ಯಾವ ಕಾಲದಲ್ಲೂ ಇಲ್ಲ. ಹೊರಗಿನ ಹುಲ್ಲುಗಾವಲಲ್ಲೂ ಹಚ್ಚಬೇಡಿ. ಒಣ ಹುಲ್ಲು, ಆ ಗಾಳಿ, ಒಂದು ಕಿಡಿ ಸಾಕು. ಕಾರನ್ನೂ ಎತ್ತರದ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕೆಳಗಿನ ಬಿಸಿ ಕೊಳವೆಯಿಂದಲೇ ಹೊತ್ತಿಕೊಳ್ಳುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಗ್ಯಾಸ್ ಸ್ಟವ್ ಬಳಸಬಹುದು. ಗಾಳಿ ಇದೆ ಅಂತ ಸ್ಟವ್ ಅನ್ನು ಟೆಂಟ್ ಒಳಗೆ ತಂದು ಒಗ್ಗರಣೆ ಹಾಕಬೇಡಿ, ದಯವಿಟ್ಟು. ಬೆಂಕಿ ಒಂದು ಭಯ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ನಿಜ ಹೇಳಬೇಕೆಂದರೆ ನಿಮ್ಮ ಅತ್ತೆಯವರ ಕೈಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿಗಿಂತ ಒಳ್ಳೆಯ ಕ್ಯಾಂಪಿಂಗ್ ಊಟ ನಾನು ನೋಡಿಲ್ಲ. ಸ್ಟವ್ ಚಹಾಕ್ಕೆ ಸಾಕು.

ನೀರಿನ ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ ನಾಲ್ಕು ಲೀಟರ್. ಆರು ಜನ, ಎರಡು ದಿನ, 48 ಲೀಟರ್. ಸೇಜ್ ಕ್ರೀಕ್‌ನಂಥ ನೀರಿಲ್ಲದ ಕಡೆ ಇದ್ದರೆ ನಮ್ಮವರಿಗೆ ಶೌಚಕ್ಕೂ ನೀರು ಬೇಕು, ಅದಕ್ಕೆ ಇನ್ನೊಂದು 20 ಲೀಟರ್ ಬೇರೆ ಡಬ್ಬದಲ್ಲಿ. ಹಳ್ಳದ ನೀರು ಸೋಸಿ ಕುಡಿಯುತ್ತೇವೆ ಎಂದು ಫಿಲ್ಟರ್ ತರಬೇಡಿ. ಇಲ್ಲಿಯ ನೀರಲ್ಲಿ ಅದೇ ನುಣ್ಣನೆ ಜೇಡಿ ತೇಲುತ್ತಿರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಕ್ಕದ ನದಿಯ ಹೆಸರೇ ವೈಟ್ ರಿವರ್, ಆ ಜೇಡಿಯ ಬಣ್ಣಕ್ಕೆ. ಮಾವನವರ ಇನ್ಸುಲಿನ್ ಕಾರಿನ ಡ್ಯಾಶ್‌ಬೋರ್ಡ್ ಹತ್ತಿರ ಇಡಲೇಬೇಡಿ. ತಂಪು ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿ, ಐಸ್‌ಗೆ ನೇರ ತಾಗದ ಹಾಗೆ ಇಡಿ. ಹೆಪ್ಪುಗಟ್ಟಿದರೂ ಕೆಡುತ್ತದೆ, ಕಾದರೂ ಕೆಡುತ್ತದೆ. ಹೊರಡುವ ಮುಂಚೆ ಅವರ ಡಾಕ್ಟರ ಹತ್ತಿರ ಬಿಸಿಲಿನ ಓಡಾಟದ ಬಗ್ಗೆ ಒಂದು ಮಾತು ಕೇಳಿ. ನಡಿಗೆ ಎಲ್ಲಾ ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಟೆಂಟ್ ಬಗ್ಗೆ ಸ್ವಲ್ಪ. ಅಂಗಡಿಯಲ್ಲಿ ಆರಡಿ ಎತ್ತರದ, ಒಳಗೆ ನಿಲ್ಲಬಹುದಾದ ಮನೆಯಂಥ ಟೆಂಟ್ ತೋರಿಸುತ್ತಾರೆ. ಈ ಬಯಲಿನಲ್ಲಿ ಅದು ದೋಣಿಯ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ತಗ್ಗಾದ, ಗುಮ್ಮಟದ ಆಕಾರದ್ದು ತಗೊಳ್ಳಿ. ಜೊತೆಗೆ ಬರುವ ತೆಳು ತಂತಿಯ ಗೂಟ ಒಣ ಜೇಡಿಗೆ ಇಳಿಯದೆ ಬಾಗುತ್ತದೆ. ಒಂದು ಅಡಿಯ ಉಕ್ಕಿನ ಮೊಳೆಗೂಟ, ಒಂದು ಸುತ್ತಿಗೆ ಬೇಕು. ಎಲ್ಲಾ ಹಗ್ಗಗಳನ್ನೂ ಎಳೆದು ಕಟ್ಟಿ, ಗಾಳಿ ಇಲ್ಲದ ಸಂಜೆಯಲ್ಲೂ. ಒಣಗಿದ ಹಳ್ಳದ ಪಾತ್ರದಲ್ಲಿ, ಅದು ಎಷ್ಟೇ ಸಪಾಟಾಗಿ ಮೆತ್ತಗೆ ಕಂಡರೂ, ಟೆಂಟ್ ಬೇಡ. 1972ರ ಜೂನ್ 9ರ ರಾತ್ರಿ ಬ್ಲ್ಯಾಕ್ ಹಿಲ್ಸ್ ಮೇಲೆ ಸುರಿದ ಮಳೆಗೆ ಹಳ್ಳಗಳು ಉಕ್ಕಿ ರ್‍ಯಾಪಿಡ್ ಸಿಟಿ ಕಡೆ 238 ಜನ ಸತ್ತರು. ಇಲ್ಲಿಯವರು ಇವತ್ತಿಗೂ ಜೂನ್ ಮಳೆಯನ್ನು ಹಗುರವಾಗಿ ತಗೊಳ್ಳುವುದಿಲ್ಲ.

ಮಿಂಚಿಗೆ ಟೆಂಟ್ ಏನೇನೂ ರಕ್ಷಣೆ ಅಲ್ಲ. ಗುಡುಗು ಕಿವಿಗೆ ಬಿತ್ತು ಅಂದರೆ ಮಿಂಚು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ಎಲ್ಲರೂ ಕಾರಿಗೆ. ಟೈರಿನ ರಬ್ಬರ್ ಕಾಪಾಡುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಕಾಪಾಡುವುದು ಲೋಹದ ಮೈ. ಮಿಂಚು ಹೊರಗಿನ ತಗಡಿನ ಮೇಲೆ ಹರಿದು ನೆಲಕ್ಕೆ ಹೋಗುತ್ತದೆ. ಕಿಟಕಿ ಏರಿಸಿ, ಕೈ ಮಡಿಲಲ್ಲಿ ಇಟ್ಟುಕೊಂಡು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಒಳಗೇ ಇರಿ. ಅದಕ್ಕೇ ಕಾರಿನ ಸೀಟುಗಳ ಮೇಲೆ ಸಾಮಾನು ತುಂಬಿ ಮಲಗಬೇಡಿ. ಆರು ಸೀಟು ಖಾಲಿ ಇರಬೇಕು, ಕೀಲಿ ನಿಮ್ಮ ತಲೆದಿಂಬಿನ ಪಕ್ಕ ಇರಬೇಕು.

ಹವಾಮಾನದ ಎಚ್ಚರಿಕೆಯಲ್ಲಿ ಎರಡು ಪದ ಬರುತ್ತವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ವಾಚ್ ಅಂದರೆ ಬಿರುಗಾಳಿ ಮಳೆಗೆ ಬೇಕಾದ ಸಾಮಗ್ರಿ ಎಲ್ಲಾ ಸೇರಿದೆ, ಬರಬಹುದು. ವಾರ್ನಿಂಗ್ ಅಂದರೆ ಬಂದೇ ಬಿಟ್ಟಿದೆ, ಗಂಟೆಗೆ 58 ಮೈಲಿ ಗಾಳಿ ಇಲ್ಲಾ ಒಂದು ಇಂಚಿನ ಆನೆಕಲ್ಲು. ಸಂಜೆ ಆರಕ್ಕೆ ವಾಚ್ ಇದ್ದರೆ ಆ ರಾತ್ರಿ ಟೆಂಟ್ ಹಾಕಲೇಬೇಡಿ, ಕ್ಯಾಬಿನ್‌ನಲ್ಲೇ ಎಲ್ಲರೂ ಹಾಸಿಕೊಂಡು ಮಲಗಿ. ವಾಲ್ ಊರಲ್ಲಿ ಸಿಗ್ನಲ್ ಇರುವಾಗಲೇ ರ್‍ಯಾಪಿಡ್ ಸಿಟಿಯ ಹವಾಮಾನ ಕಚೇರಿಯ ಮುನ್ಸೂಚನೆ ನೋಡಿಕೊಂಡು ಮುಂದೆ ಬನ್ನಿ. ಬ್ಯಾಟರಿಯ ಒಂದು ಪುಟ್ಟ ವೆದರ್ ರೇಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಆಕಾಶ ತಿಳಿಯಾಗಿದ್ದರೆ ಮಾತ್ರ ಮಕ್ಕಳನ್ನು ರಾತ್ರಿ ಹತ್ತೂವರೆಗೆ ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ. ಹುಣ್ಣಿಮೆ ಹತ್ತಿರ ಇಲ್ಲದಿದ್ದರೆ ಆಕಾಶಗಂಗೆ ಈ ಅಂಚಿನಿಂದ ಆ ಅಂಚಿಗೆ ಕಾಣುತ್ತದೆ. ಮಾವನವರಿಗೆ ಅದು ಹೊಸದಲ್ಲ ಅನ್ನಿಸುತ್ತೆ. ಊರಲ್ಲಿ ಕರೆಂಟ್ ಇಲ್ಲದ ಕಾಲದಲ್ಲಿ ಅಂಗಳದಲ್ಲಿ ಮಲಗಿ ನೋಡಿರುತ್ತಾರೆ. ಮೊಮ್ಮಕ್ಕಳಿಗೆ ಅವರೇ ತೋರಿಸಲಿ.

ಉಳಿದದ್ದು ಮಗನ ಕಲ್ಲು. ತರುವ ಹಾಗಿಲ್ಲ, ಚಿಕ್ಕದೂ ಇಲ್ಲ. ಅಲ್ಲಿಯ ಮಣ್ಣಿನಲ್ಲಿ ಮೂರು ಕೋಟಿ ವರ್ಷಕ್ಕೂ ಹಳೆಯ ಪ್ರಾಣಿಗಳ ಎಲುಬುಗಳಿವೆ, ಪ್ರತಿ ಮಳೆಗೂ ಹೊಸದೊಂದು ಹೊರಗೆ ಬರುತ್ತದೆ. ಹಾಗಂತ ಅವನನ್ನು ಗದರಿಸಿ ಸುಮ್ಮನಾಗಿಸಬೇಡಿ. 2010ರಲ್ಲಿ ವಿಸಿಟರ್ ಸೆಂಟರ್ ಹತ್ತಿರ ಏಳು ವರ್ಷದ ಹುಡುಗಿಯೊಬ್ಬಳಿಗೆ ನೆಲದಲ್ಲಿ ಏನೋ ಕಂಡಿತು. ಕೀಳಲಿಲ್ಲ, ಹೋಗಿ ರೇಂಜರ್‌ಗಳಿಗೆ ಹೇಳಿದಳು. ಅದು ಕೋರೆಹಲ್ಲಿನ ಬೆಕ್ಕಿನಂಥ ಪ್ರಾಣಿಯ ತಲೆಬುರುಡೆ. ನಿಮ್ಮ ಮಗನಿಗೂ ಅದೇ ಕೆಲಸ ಕೊಡಿ. ಎಲುಬಿನಂಥದ್ದು ಕಂಡರೆ ಮುಟ್ಟದೆ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ, ಸುತ್ತಲ ಗುಡ್ಡ ಕಾಣುವ ಹಾಗೆ ಇನ್ನೊಂದು ಫೋಟೋ, ನಾಣ್ಯ ವಾಪಸ್ ಜೇಬಿಗೆ. ನಂತರ ಅವನನ್ನೇ ಬೆನ್ ರೈಫಲ್ ವಿಸಿಟರ್ ಸೆಂಟರ್‌ಗೆ ಕರೆದುಕೊಂಡು ಹೋಗಿ. ಎಲ್ಲಿ, ಹೇಗೆ ಸಿಕ್ಕಿತು ಅಂತ ಬರೆದುಕೊಡಲು ಅಲ್ಲಿ ಒಂದು ಫಾರಂ ಇದೆ. ಅದನ್ನು ಅವನ ಕೈಯಲ್ಲೇ ತುಂಬಿಸಿ.